ಜೂಜುಕಟ್ಟೆಯ ಸಭೆಗೆ ದಾವಣಗೆರೆ ಹೋಗಬಾರದು

‘ಈ ಸಲ ಮೀಟಿಂಗ್ ಗೋವಾದಾಗ ಐತಂತೆ’ ಎಂಬ ಮಾತಿಗೆ ಈಗ ದಾವಣಗೆರೆಯ ಎ.ಪಿ.ಎಂ.ಸಿ. ಯಾರ್ಡಿನಲ್ಲಾಗಲಿ, ಚೌಕಿಪೇಟೆಯಲ್ಲಾಗಲಿ, ಹರಿಹರದ ಗೊಬ್ಬರದಂಗಡಿಗಳಲ್ಲಾಗಲಿ ಯಾರೂ ತಲೆ ಎತ್ತಿ ನೋಡುವುದಿಲ್ಲ. ಬೀಜ, ಗೊಬ್ಬರ, ಸಿಮೆಂಟು, ಬಣ್ಣ, ಪೈಪು, ಪಂಪ್‌ಸೆಟ್ಟು, ಟೈರು, ವಿಮೆ, ಯಾವ ವ್ಯವಹಾರವೇ ಇರಲಿ, ಟಾರ್ಗೆಟ್ ಮುಟ್ಟಿದವರಿಗೆ ಒಂದು ಪ್ರವಾಸ ಉಂಟು. ಬೆಳಿಗ್ಗೆ ಒಂದೆರಡು ಗಂಟೆ ತಣ್ಣನೆಯ ಸಭಾಂಗಣದಲ್ಲಿ ಕುಳಿತು ಪರದೆಯ ಮೇಲಿನ ಅಂಕಿಅಂಶ ನೋಡಬೇಕು. ಸಂಜೆಯಾದರೆ ಮುಂಗೈಗೆ ಕಾಗದದ ಪಟ್ಟಿ ಕಟ್ಟಿಸಿಕೊಂಡು ಕ್ಯಾಸಿನೊದ ಒಳಗೆ ಹೋಗಬೇಕು. ಕೆಲವು ಕಡೆ ಸಭಾಂಗಣವೂ ಜೂಜಿನ ಮೇಜುಗಳೂ ಒಂದೇ ಸೂರಿನಡಿ ಇರುತ್ತವೆ. ಊಟಕ್ಕೆ ಹೋಗುವ ದಾರಿಯೇ ಆಟದ ಕೋಣೆಯ ಮೂಲಕ ಹಾದಿರುತ್ತದೆ.

ಇದನ್ನು ಪ್ರಶ್ನಿಸಿದರೆ ಬರುವ ಉತ್ತರವೂ ಸಿದ್ಧವಾಗಿದೆ. ‘ಅದರಾಗೇನ್ ತಪ್ಪೈತ್ರಿ? ಕಂಪ್ನಿ ರೊಕ್ಕ, ನಮ್ದೇನ್ ಹೋಗ್ತತಿ? ಆಡ್ಲೇಬೇಕು ಅಂತ ಯಾರ್ ಹೇಳ್ಯಾರ?’ ಓದಿದವರು ಇದನ್ನೇ ಸ್ವಲ್ಪ ನಯವಾಗಿ ಹೇಳುತ್ತಾರೆ: ಅಲ್ಲಿ ಅದು ಕಾನೂನುಬದ್ಧ, ವ್ಯಾಪಾರದಲ್ಲಿ ಸಂಪರ್ಕ ಬೆಳೆಯಬೇಕು, ಕಾಲಕ್ಕೆ ತಕ್ಕಂತೆ ನಡೆಯಬೇಕು, ಇಂಥದ್ದೊಂದು ನಮ್ಮ ರಾಜ್ಯಕ್ಕೂ ಬಂದರೆ ಪ್ರವಾಸೋದ್ಯಮಕ್ಕೆ ಒಳ್ಳೆಯದು. ಈ ಮಾತುಗಳಲ್ಲಿ ಒಂದೂ ನಿಲ್ಲುವಂಥದ್ದಲ್ಲ. ಇಷ್ಟು ವರ್ಷ ಯಾರೂ ಎದುರು ಮಾತಾಡದೆ ಇದ್ದುದರಿಂದಲೇ ಇವು ಸತ್ಯದಂತೆ ಓಡಾಡುತ್ತಿವೆ.

ಮೊದಲು ‘ಕಂಪನಿ ರೊಕ್ಕ’ದ ವಿಚಾರ. ಕಂಪನಿಗೆ ರೊಕ್ಕ ಎಲ್ಲಿಂದ ಬಂತು? ದಾವಣಗೆರೆ ಮೆಕ್ಕೆಜೋಳದ ಜಿಲ್ಲೆ. ಮುಂಗಾರಿನ ಮೊದಲ ಮಳೆ ಬಿದ್ದ ವಾರ ಜಗಳೂರು, ಹರಿಹರ, ಹೊನ್ನಾಳಿ ಕಡೆಯ ರೈತ ಬೀಜದ ಪಾಕೀಟಿಗೂ ಡಿ.ಎ.ಪಿ. ಚೀಲಕ್ಕೂ ಅಂಗಡಿಯ ಮುಂದೆ ಸಾಲು ನಿಲ್ಲುತ್ತಾನೆ. ಯೂರಿಯಾ ಕೇಳಿದರೆ ಅದರ ಜೊತೆಗೆ ಬೇಡವಾದ ಇನ್ನೊಂದು ಡಬ್ಬಿಯನ್ನೂ ಕೊಳ್ಳಲೇಬೇಕೆಂಬ ‘ಲಿಂಕ್’ ಕಾಟವನ್ನು ಅನುಭವಿಸದ ರೈತ ಈ ಸೀಮೆಯಲ್ಲಿ ವಿರಳ. ಈ ದೂರು ಎಷ್ಟು ಬೆಳೆಯಿತೆಂದರೆ, 2025ರ ಜುಲೈನಲ್ಲಿ ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ಅವರೇ ಎಲ್ಲ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ರಸಗೊಬ್ಬರದ ಜೊತೆ ಬೇರೆ ಉತ್ಪನ್ನವನ್ನು ಬಲವಂತವಾಗಿ ತಗುಲಿಸುವುದನ್ನು ನಿಲ್ಲಿಸಿ ಎಂದು ಕೇಳಬೇಕಾಯಿತು. ಅಂಗಡಿಯವನು ಆ ಡಬ್ಬಿಯನ್ನು ರೈತನ ಕೈಗೆ ಯಾಕೆ ತುರುಕುತ್ತಾನೆ? ಅವನ ತಲೆಯ ಮೇಲೆ ಒಂದು ಟಾರ್ಗೆಟ್ ಕೂತಿದೆ. ಟಾರ್ಗೆಟ್ಟಿನ ತುದಿಯಲ್ಲಿ ಗೋವಾ ಇದೆ. ಹೊಲಕ್ಕೆ ಬೇಡವಾದ ಡಬ್ಬಿಗೆ ರೈತ ತೆತ್ತ ಹಣವೇ ಹೋಟೆಲಿನ ಕೋಣೆಯಾಗಿ, ಕ್ಯಾಸಿನೊ ಹಡಗಿನ ಪ್ರವೇಶಪತ್ರವಾಗಿ, ಜೂಜಿನ ಬಿಲ್ಲೆಯಾಗಿ ರೂಪ ಬದಲಿಸುತ್ತದೆ. ಹೀಗಿರುವಾಗ ಅದು ‘ಕಂಪನಿ ರೊಕ್ಕ’ ಹೇಗಾದೀತು? ಬೆಳೆ ಕೈಕೊಟ್ಟ ವರ್ಷವೂ ತಪ್ಪದೆ ಸಾಲದ ಪುಸ್ತಕಕ್ಕೆ ಸಹಿ ಹಾಕುವ ಮನುಷ್ಯನ ರೊಕ್ಕ ಅದು.

ತೆರಿಗೆ ಕಾನೂನಿಗೆ ಈ ವಿಷಯ ನಮ್ಮ ವರ್ತಕರಿಗಿಂತ ಚೆನ್ನಾಗಿ ಗೊತ್ತಿದೆ. 2022ರ ಜುಲೈ 1ರಿಂದ ಜಾರಿಗೆ ಬಂದ ಆದಾಯ ತೆರಿಗೆಯ 194ಆರ್ ಕಲಮು ತಂದ ನಿಯಮದ ಪ್ರಕಾರ, ವ್ಯವಹಾರದ ಕಾರಣಕ್ಕೆ ಒಬ್ಬರಿಗೆ ವರ್ಷಕ್ಕೆ 20,000 ರೂಪಾಯಿಗೂ ಹೆಚ್ಚಿನ ಸವಲತ್ತು ಕೊಟ್ಟರೆ ಕೊಟ್ಟವರು ಅದರ ಮೇಲೆ ಶೇ 10ರಷ್ಟು ತೆರಿಗೆ ಕಟ್ಟಿಸಬೇಕು. ಆ ವರ್ಷವೇ ಕೇಂದ್ರ ನೇರ ತೆರಿಗೆ ಮಂಡಳಿ ಹೊರಡಿಸಿದ ಸುತ್ತೋಲೆ ಇನ್ನೂ ಬಿಡಿಸಿ ಹೇಳಿತು. ಹೊಸ ಸರಕನ್ನು ಪರಿಚಯಿಸಲು, ಮಾರಾಟದ ತಿಳಿವಳಿಕೆ ಕೊಡಲು, ಆರ್ಡರ್ ಪಡೆಯಲು, ಲೆಕ್ಕ ಹೊಂದಿಸಲು ನಡೆಸುವ ಡೀಲರುಗಳ ಸಮ್ಮೇಳನದ ಖರ್ಚು ಸವಲತ್ತಲ್ಲ. ಆದರೆ ಟಾರ್ಗೆಟ್ ಮುಟ್ಟಿದ ಆಯ್ದ ಕೆಲವರಿಗೆ ಬಹುಮಾನವಾಗಿ ನಡೆಸಿದರೆ ಅದು ಸವಲತ್ತು. ಸಮ್ಮೇಳನದ ನಡುವೆ ತೂರಿಸಿದ ಮೋಜಿನ ಭಾಗ ಎಷ್ಟೇ ಸಣ್ಣದಿದ್ದರೂ ಅದೂ ಸವಲತ್ತೇ. ಬೆಳಗಿನ ಆ ಎರಡು ಗಂಟೆಯ ಪರದೆಯ ಪ್ರದರ್ಶನ ಯಾಕೆ ಬೇಕು, ಕರೆಯೋಲೆಯಲ್ಲಿ ‘ಬಿಸಿನೆಸ್ ಮೀಟ್’ ಎಂದೇ ಯಾಕೆ ಅಚ್ಚಾಗುತ್ತದೆ ಎಂಬುದು ಈ ನಿಯಮ ಓದಿದವರಿಗೆ ಅರ್ಥವಾಗುತ್ತದೆ. ಅಲ್ಲಿ ಸಭೆ ಜೂಜಿಗೆ ಹೊದಿಸಿದ ಹೊದಿಕೆ. ಕಲಿಸುವುದೇ ಉದ್ದೇಶವಾಗಿದ್ದರೆ ಕಲಿಸಲು ಕ್ಯಾಸಿನೊವೇ ಬೇಕೇ? ಮೆಕ್ಕೆಜೋಳದ ಸೈನಿಕ ಹುಳುವಿನ ಬಗ್ಗೆ ಮಾತಾಡಲು ಕೃಷಿ ವಿಜ್ಞಾನಿಗಳೂ ರೈತರೂ ಇರುವ ಈ ಜಿಲ್ಲೆಯನ್ನು ಬಿಟ್ಟು ಸುಮಾರು ಮುನ್ನೂರು ಕಿಲೋಮೀಟರ್ ದೂರದ ಹಡಗಿನ ಮೇಲೆ ಯಾಕೆ ಹೋಗಬೇಕು?

ಇನ್ನು ‘ಆಡಲೇಬೇಕೆಂದಿಲ್ಲ’ ಎಂಬ ಮಾತು. ಕ್ಯಾಸಿನೊದವರು ಸಭೆ ಸಮಾರಂಭಗಳಿಗೆ ತಮ್ಮ ಜಾಗವನ್ನು ರಿಯಾಯಿತಿಯಲ್ಲಿ ಯಾಕೆ ಬಿಡುತ್ತಾರೆ? ಸಭಾಂಗಣದ ಬಾಡಿಗೆ ಅವರ ದೊಡ್ಡ ಆದಾಯವಲ್ಲ. ವಾರದ ನಡುವಿನ ಖಾಲಿ ದಿನಗಳಲ್ಲಿ ನೂರಾರು ಜನ ಒಟ್ಟಿಗೆ ಬಂದು ತಂಗಿದರೆ, ಅವರಲ್ಲಿ ಒಂದಷ್ಟು ಜನ ಆಡಿಯೇ ಆಡುತ್ತಾರೆ ಎಂಬ ಖಚಿತ ಲೆಕ್ಕದ ಮೇಲೆ ಆ ರಿಯಾಯಿತಿ ನಿಂತಿದೆ. ಅಮೆರಿಕದ ಲಾಸ್ ವೇಗಸ್ ನಗರ ಸಮ್ಮೇಳನಗಳ ರಾಜಧಾನಿಯಾಗಿ ಬೆಳೆದದ್ದರ ಹಿಂದೆಯೂ ಇದೇ ಲೆಕ್ಕ ಇತ್ತು. ಗೋವಾದಲ್ಲಿ ಪ್ರವೇಶದ ದರದಲ್ಲೇ ಊಟ, ಕುಡಿತ ಎರಡನ್ನೂ ಸೇರಿಸಿ, ಮೇಲೊಂದಿಷ್ಟು ಬಿಲ್ಲೆಗಳನ್ನೂ ಕೊಡುವ ಪದ್ಧತಿ ಇದೆ. ಆ ಬಿಲ್ಲೆಗಳನ್ನು ಹಣವಾಗಿ ಹಿಂದಿರುಗಿಸಿಕೊಳ್ಳಲು ಬರುವುದಿಲ್ಲ, ಮೇಜಿನ ಮೇಲೆ ಇಡಲು ಮಾತ್ರ ಬರುತ್ತದೆ. ಜೀವನದಲ್ಲಿ ಇಸ್ಪೀಟು ಮುಟ್ಟದ ಮನುಷ್ಯನನ್ನೂ ಮೇಜಿನ ಮುಂದೆ ಕೂರಿಸಲು ಇದಕ್ಕಿಂತ ಒಳ್ಳೆಯ ಉಪಾಯ ಬೇಕೇ? ಒಳಗೆ ಗೋಡೆ ಗಡಿಯಾರ ಇರುವುದಿಲ್ಲ, ಬೆಳಕು ನಡುರಾತ್ರಿಯಲ್ಲೂ ಬದಲಾಗುವುದಿಲ್ಲ, ಕುಡಿತ ಕೈಗೇ ಬರುತ್ತದೆ, ಕೈಯಲ್ಲಿರುವುದು ನೋಟಲ್ಲ, ಬಣ್ಣದ ಬಿಲ್ಲೆ. ಪಕ್ಕದಲ್ಲಿ ಏರಿಯಾ ಮ್ಯಾನೇಜರ್ ನಿಂತು ‘ಒಂದ್ ಕೈ ನೋಡ್ರಿ ಅಣ್ಣಾರ’ ಎನ್ನುತ್ತಾನೆ. ವರ್ಷವಿಡೀ ಸಾಲದ ಮೇಲೆ ಮಾಲು ಕೊಡಬೇಕಾದವನು ಅವನೇ. ಅಂಥವನ ಮುಂದೆ ‘ಒಲ್ಲೆ’ ಎನ್ನುವ ಸ್ವಾತಂತ್ರ್ಯ ಎಷ್ಟು ಜನ ಸಣ್ಣ ಅಂಗಡಿಯವರಿಗಿದೆ?

ಮಹಾಭಾರತದ ಸಭಾಪರ್ವವನ್ನು ನಾವು ಗಮಕದಲ್ಲಿ ಕೇಳುತ್ತೇವೆ, ಬಯಲಾಟದಲ್ಲಿ ನೋಡುತ್ತೇವೆ. ಅಲ್ಲಿ ಪಾಂಡವರನ್ನು ಯಾರೂ ಜೂಜುಕೋರರ ಅಡ್ಡೆಗೆ ಎಳೆದೊಯ್ಯಲಿಲ್ಲ. ಧೃತರಾಷ್ಟ್ರ ಹೊಸದೊಂದು ಸಭಾಭವನ ಕಟ್ಟಿಸಿ, ನೋಡಿಹೋಗಲು ಬನ್ನಿ, ಅಣ್ಣತಮ್ಮಂದಿರು ಕೂಡಿ ಒಂದಿಷ್ಟು ಆಡೋಣ ಎಂದು ವಿದುರನ ಕೈಯಲ್ಲಿ ಆಮಂತ್ರಣ ಕಳಿಸಿದ. ಹಿರಿಯರು ಕರೆದಾಗ ಹೋಗದಿರಲಾಗದು, ಆಟಕ್ಕೆ ಕರೆದಾಗ ಹಿಂಜರಿಯಲಾಗದು ಎಂದುಕೊಂಡೇ ಧರ್ಮರಾಯ ಹೊರಟ. ಮೊದಲು ಒಡ್ಡಿದ್ದು ತನ್ನ ಒಡವೆಯನ್ನು, ಕೊನೆಗೆ ಒಡ್ಡಿದ್ದು ತಮ್ಮಂದಿರನ್ನು, ಹೆಂಡತಿಯನ್ನು. ಆತಿಥ್ಯದ ಹೆಸರಿನಲ್ಲಿ ಬರುವ ಜೂಜೇ ಎಲ್ಲಕ್ಕಿಂತ ಅಪಾಯಕಾರಿ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಕಥೆ ಹೇಳಿದೆ? ಈ ಕಥೆ ಬಾಯಿಪಾಠ ಇರುವ ಊರಿನವರೇ ಅಂಥ ಆಮಂತ್ರಣ ಬಂದಾಗ ಬಟ್ಟೆ ಗಂಟು ಕಟ್ಟುತ್ತಿದ್ದಾರೆ.

ವರ್ತಕರಿಗೆ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಆದರೂ ಈ ಒಂದು ಲೆಕ್ಕವನ್ನು ಅವರು ಮಾಡಿನೋಡಬೇಕು. ರೂಲೆಟ್ ಚಕ್ರದಲ್ಲಿ ಸೊನ್ನೆಯಿಂದ 36ರವರೆಗೆ 37 ಮನೆಗಳಿರುತ್ತವೆ. ಒಂದೊಂದು ಮನೆಗೂ ನೂರು ರೂಪಾಯಿಯಂತೆ ಎಲ್ಲ ಮನೆಗಳ ಮೇಲೂ ಇಟ್ಟರೆ 3,700 ರೂಪಾಯಿ. ಯಾವುದೋ ಒಂದು ಮನೆ ಗೆದ್ದೇ ಗೆಲ್ಲುತ್ತದೆ. ಗೆದ್ದ ಮನೆಗೆ ಸಿಗುವುದು 35 ಪಟ್ಟು, ಅಂದರೆ 3,500. ಅದರ ಜೊತೆ ನಿಮ್ಮ ಮೂಲ ನೂರು. ಒಟ್ಟು 3,600. ಅದೃಷ್ಟವನ್ನು ಪೂರ್ತಿ ತೆಗೆದುಹಾಕಿ ಆಡಿದರೂ ಒಂದು ಸುತ್ತಿಗೆ ನೂರು ರೂಪಾಯಿ ಕ್ಯಾಸಿನೊದವರ ಪಾಲು. ಎರಡು ಸೊನ್ನೆ ಇರುವ ಅಮೆರಿಕನ್ ಚಕ್ರವಾದರೆ 38 ಮನೆಗಳಿಗೆ 3,800 ಕಟ್ಟಬೇಕು, ಬರುವುದು ಅದೇ 3,600. ಒಂದು ರಾತ್ರಿ ಒಬ್ಬ ಗೆಲ್ಲಬಹುದು, ಆ ಗೆಲುವಿನ ಫೋಟೊ ಊರಿಗೆಲ್ಲ ಹರಡಬಹುದು. ಆದರೆ ಹೆಚ್ಚು ಹೊತ್ತು ಆಡಿದಷ್ಟೂ ಕ್ಯಾಸಿನೊದವರಿಗೇ ಲಾಭ ಎಂಬುದು ಆ ಚಕ್ರದ ರಚನೆಯಲ್ಲೇ ಇದೆ. ಗೆದ್ದರೆ ಶೇ 30ರ ಆದಾಯ ತೆರಿಗೆ ಉಂಟು. ಸೋತದ್ದನ್ನು ಮಾತ್ರ ಯಾವ ಲಾಭದ ಎದುರಿಗೂ ತೋರಿಸಿ ಕಳೆಯುವಂತಿಲ್ಲ. ಕ್ವಿಂಟಲ್ಲಿಗೆ ಐದು ರೂಪಾಯಿ ಹೆಚ್ಚುಕಡಿಮೆಗೆ ಟೆಂಡರ್ ಹೊತ್ತಿನಲ್ಲಿ ಗಂಟಲು ಹರಿದುಕೊಳ್ಳುವ ಮಂಡಿಯ ವರ್ತಕ, ಸೋಲು ಮೊದಲೇ ಬರೆದಿಟ್ಟಿರುವ ಇಂಥ ವ್ಯವಹಾರಕ್ಕೆ ತನ್ನ ಅಂಗಡಿಯಲ್ಲಿ ಒಂದು ರೂಪಾಯಿ ಹಾಕುತ್ತಾನೆಯೇ?

‘ಗೋವಾದಲ್ಲಿ ಕಾನೂನು ಒಪ್ಪಿದೆ’ ಎನ್ನುವವರು ಆ ಕಾನೂನನ್ನು ಪೂರ್ತಿ ನೋಡಲಿ. ಗೋವಾದ 1976ರ ಜೂಜು ಕಾಯ್ದೆಯೂ ಮೂಲತಃ ಜೂಜನ್ನು ತಡೆಯಲು ಬಂದದ್ದೇ. 1992ರ ತಿದ್ದುಪಡಿ ಪಂಚತಾರಾ ಹೋಟೆಲುಗಳಲ್ಲಿ ಯಂತ್ರದ ಜೂಜಿಗೆ ಕಿಂಡಿ ತೆರೆಯಿತು, 1996ರ ತಿದ್ದುಪಡಿ ಹಡಗುಗಳ ಮೇಲೆ ಮೇಜಿನ ಆಟಗಳಿಗೆ ಬಾಗಿಲು ತೆರೆಯಿತು. ನಮ್ಮ ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟುವ ಮಹದಾಯಿ ಪಣಜಿಯಲ್ಲಿ ಮಾಂಡೋವಿಯಾಗಿ ಹರಿಯುವಾಗ ಅದರ ಎದೆಯ ಮೇಲೆ ಈ ಹಡಗುಗಳು ಲಂಗರು ಹಾಕಿ ನಿಂತಿವೆ. ಆದರೆ 2020ರ ಫೆಬ್ರವರಿ 1ರಿಂದ ಗೋವಾ ಸರ್ಕಾರ ತನ್ನದೇ ರಾಜ್ಯದ ನಿವಾಸಿಗಳು ಕ್ಯಾಸಿನೊದ ಆಟದ ಕೋಣೆಗೆ ಕಾಲಿಡುವುದನ್ನು ನಿಷೇಧಿಸಿತು. ಲೈಸೆನ್ಸ್ ಕೊಟ್ಟು ಶುಲ್ಕ ಎಣಿಸಿಕೊಳ್ಳುವ ಸರ್ಕಾರವೇ ತನ್ನ ಮಕ್ಕಳು ಅಲ್ಲಿಗೆ ಹೋಗಬಾರದು ಎನ್ನುತ್ತಿದೆ. ಯಾರಿಗಾಗಿ ಅದನ್ನು ನಡೆಸುತ್ತಿದೆ ಹಾಗಾದರೆ? ದಾವಣಗೆರೆಯವರಿಗಾಗಿ, ಹುಬ್ಬಳ್ಳಿಯವರಿಗಾಗಿ, ಬೆಳಗಾವಿಯವರಿಗಾಗಿ, ಕೊಲ್ಹಾಪುರದವರಿಗಾಗಿ. ಪಕ್ಕದ ಮನೆಯವರು ತಮ್ಮ ಮಕ್ಕಳಿಗೆ ಕೊಡದ ಪದಾರ್ಥವನ್ನು ನಮ್ಮ ತಟ್ಟೆಗೆ ಬಡಿಸುತ್ತಿದ್ದಾರೆ. ನಾವು ಅದನ್ನು ಗೌರವವೆಂದು ತಿಳಿದು ಉಣ್ಣುತ್ತಿದ್ದೇವೆ.

ಜೂಜು ವ್ಯಾಪಾರವೇ ಅಲ್ಲ ಎಂದು ಸುಪ್ರೀಂ ಕೋರ್ಟ್ 1957ರಲ್ಲೇ ಹೇಳಿದೆ. ಆ ಮೊಕದ್ದಮೆಗೂ ಕರ್ನಾಟಕಕ್ಕೂ ನಂಟಿದೆ. ಬೆಂಗಳೂರಿನಲ್ಲಿ ಅಚ್ಚಾಗಿ ಮುಂಬಯಿ ರಾಜ್ಯದಲ್ಲಿ ಹಂಚಿಕೆಯಾಗುತ್ತಿದ್ದ ಒಂದು ಪತ್ರಿಕೆಯ ಮೂಲಕ ಆರ್.ಎಂ.ಡಿ. ಚಮರ್‌ಬಾಗ್‌ವಾಲಾ ಪದಬಂಧದ ಬಹುಮಾನ ಸ್ಪರ್ಧೆ ನಡೆಸುತ್ತಿದ್ದರು. ಮುಂಬಯಿ ಸರ್ಕಾರ ಅದರ ಮೇಲೆ ತೆರಿಗೆ ಹಾಕಿದಾಗ, ವ್ಯಾಪಾರ ಮಾಡುವ ನಮ್ಮ ಮೂಲಭೂತ ಹಕ್ಕಿಗೆ ಧಕ್ಕೆಯಾಯಿತೆಂದು ಅವರು ಕೋರ್ಟಿಗೆ ಹೋದರು. ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಅವರ ಪೀಠ ಋಗ್ವೇದದ ಜೂಜುಗಾರನ ಸೂಕ್ತದಿಂದ ಹಿಡಿದು ಮಹಾಭಾರತ, ಸ್ಮೃತಿಗಳವರೆಗೆ ಈ ನೆಲ ಜೂಜನ್ನು ಹೇಗೆ ಕಂಡಿದೆ ಎಂಬುದನ್ನು ನೋಡಿ, ಸಂವಿಧಾನ ವ್ಯಾಪಾರಕ್ಕೆ ಕೊಟ್ಟ ರಕ್ಷಣೆ ಜೂಜಿಗೆ ಸಲ್ಲದು ಎಂದು ತೀರ್ಪಿತ್ತಿತು. ನಮ್ಮ ವರ್ತಕರ ಸಮ್ಮೇಳನ ಮಾತ್ರ ವ್ಯಾಪಾರವಲ್ಲದ್ದರ ಅಂಗಳಕ್ಕೇ ಹೋಗಿ ವ್ಯಾಪಾರದ ದೀಪ ಬೆಳಗುತ್ತದೆ. ಸರ್ಕಾರಗಳೂ ಜೂಜನ್ನು ಬೇರೆಯಾಗಿಯೇ ನೋಡುತ್ತಿವೆ: ಕ್ಯಾಸಿನೊ ಮೇಲೆ ಶೇ 28 ಇದ್ದ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ 40ಕ್ಕೆ ಏರಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ದೇಶದಲ್ಲೆಲ್ಲ ನಿಷೇಧಿಸುವ ಕಾಯ್ದೆ ಮಾಡಿತು. ಮಗ ಮೊಬೈಲಿನಲ್ಲಿ ರಮ್ಮಿ ಆಡಿ ಸಾಲ ಮಾಡಿಕೊಂಡನೆಂದು ಅತ್ತ ಅಪ್ಪಂದಿರು ಆಗ ನಿಟ್ಟುಸಿರು ಬಿಟ್ಟರು. ಅದೇ ಅಪ್ಪ ಕಂಪನಿಯ ಬ್ಯಾಗು ತಗುಲಿಸಿಕೊಂಡು ಹಡಗು ಹತ್ತುವಾಗ ಮಗ ಏನನ್ನು ಕಲಿಯಬೇಕು?

ನನಗೆ ಇದರಲ್ಲಿ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸುವುದು ಊರಿನ ಇಬ್ಬಗೆಯ ನ್ಯಾಯ. ಹರಪನಹಳ್ಳಿ ರಸ್ತೆಯ ಯಾವುದೋ ಹಳ್ಳಿಯ ಹೊರಗೆ, ಹುಣಸೆಮರದ ಕೆಳಗೆ ನಾಲ್ಕು ಜನ ಕೂಲಿಯವರು ಗೋಣಿಚೀಲ ಹಾಸಿ ಅಂದರ್ ಬಾಹರ್ ಆಡಿದರೆ ಪೊಲೀಸರ ದಾಳಿಯಾಗುತ್ತದೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 87ನೇ ಕಲಮಿನ ಕೆಳಗೆ ಕೇಸು ಬೀಳುತ್ತದೆ. ಪಣಕ್ಕಿಟ್ಟ ನೂರಿನ್ನೂರು ರೂಪಾಯಿ, ಐವತ್ತೆರಡು ಎಲೆ ಜಪ್ತಿಯಾಗುತ್ತವೆ. ಮರುದಿನ ಪತ್ರಿಕೆಯಲ್ಲಿ ಅವರ ಹೆಸರು ತಂದೆಯ ಹೆಸರು, ವಯಸ್ಸು, ಊರು ಸಮೇತ ಅಚ್ಚಾಗುತ್ತದೆ. ಅದೇ ಅಂದರ್ ಬಾಹರ್ ಗೋವಾದ ಕ್ಯಾಸಿನೊದಲ್ಲಿ ಹಸಿರು ಬಟ್ಟೆಯ ಮೇಜಿನ ಮೇಲೆ ನಡೆಯುತ್ತದೆ. ಅಲ್ಲಿ ಆಡಿ ಬಂದವರು ಅದೇ ಪತ್ರಿಕೆಯಲ್ಲಿ ‘ಅತ್ಯುತ್ತಮ ಮಾರಾಟಗಾರ’ ಎಂದು ಶಾಲು ಹೊದ್ದ ಚಿತ್ರದೊಂದಿಗೆ ಬರುತ್ತಾರೆ. ಎಲೆ ಅದೇ, ಆಟ ಅದೇ, ಮನೆಯಲ್ಲಿ ಕಾಯುವ ಹೆಂಗಸಿನ ಆತಂಕವೂ ಅದೇ. ಬಡವನದು ಅಪರಾಧ, ಉಳ್ಳವನದು ಮೀಟಿಂಗು. ಹೀಗೆ ಎರಡು ಅಳತೆಗೋಲು ಇಟ್ಟುಕೊಂಡ ಊರು ತನ್ನ ಕೂಲಿಯವನಿಗೆ ನೀತಿ ಹೇಳುವ ಹಕ್ಕನ್ನು ಎಲ್ಲಿಂದ ತರುತ್ತದೆ?

ಜೂಜು ಈ ಜಿಲ್ಲೆಗೆ ಹೊಸದಲ್ಲ. ಲಾಟರಿಯ ಕಾಲ ಇನ್ನೂ ಬಹಳ ಜನರ ನೆನಪಿನಲ್ಲಿದೆ. ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿಕೊಂಡು ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರು ಬರಿಯ ಹೆಸರಾದ ಮೇಲೆ, ಹರಿಹರದಲ್ಲಿ 1941ರಿಂದ ಲೇತ್ ಯಂತ್ರಗಳನ್ನು ತಯಾರಿಸುತ್ತಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ನಿಂತ ಮೇಲೆ, ಕೆಲಸ ಕಳೆದುಕೊಂಡವರ ಆಸೆಯನ್ನು ಲಾಟರಿ ಚೀಟಿ ದಿನದಿನವೂ ಹೀರಿತು. ಹಮಾಲರು ಅರ್ಧ ದಿನದ ಕೂಲಿಯನ್ನು ಅದಕ್ಕೆ ಸುರಿದರು. 2007ರಲ್ಲಿ ಎಚ್.ಡಿ. ಕುಮಾರಸ್ವಾಮಿ ಅವರ ಸರ್ಕಾರ ಲಾಟರಿ ನಿಷೇಧಿಸಿದಾಗ ಹೆಣ್ಣುಮಕ್ಕಳು ಹರಸಿದರು. ವರಮಾನ ಹೋಗುತ್ತದೆ ಎಂಬ ಕೂಗು ಆಗಲೂ ಇತ್ತು. ಸರ್ಕಾರ ಮುಳುಗಲಿಲ್ಲ. ಇಷ್ಟಾದ ಮೇಲೂ 2020ರ ಫೆಬ್ರವರಿಯಲ್ಲಿ ಆಗಿನ ಪ್ರವಾಸೋದ್ಯಮ ಸಚಿವ ಸಿ.ಟಿ. ರವಿ ಅವರು ರಾಜ್ಯದಲ್ಲಿ ಕ್ಯಾಸಿನೊ ಬರುವ ಬಗ್ಗೆ ಮಾತಾಡಿದರು. ವಿರೋಧ ಎದ್ದಾಗ ಸ್ಪಷ್ಟನೆ ಬಂತು. ಆ ಯೋಚನೆ ಸತ್ತಿಲ್ಲ. ನಮ್ಮ ಸಂಘಗಳ ಸಮ್ಮೇಳನಗಳು ಗೋವಾದಲ್ಲಿ ಸಲೀಸಾಗಿ ನಡೆಯುತ್ತಾ ಹೋದಂತೆ ‘ಅಲ್ಲಿಗೆ ಹೋಗುವ ದುಡ್ಡು ಇಲ್ಲೇ ಉಳಿಯಲಿ’ ಎಂಬ ವಾದಕ್ಕೆ ನಾವೇ ಬಲ ತುಂಬುತ್ತಿದ್ದೇವೆ.

ಕಂಪನಿಯ ಆತಿಥ್ಯದ ಕರೆ ವರ್ತಕರಿಗಷ್ಟೇ ಬರುವುದಿಲ್ಲ, ವೈದ್ಯರ ವಿಷಯಕ್ಕೂ ಬರುತ್ತೇನೆ. ದಾವಣಗೆರೆ ಎರಡು ಮೆಡಿಕಲ್ ಕಾಲೇಜುಗಳ ಊರು. 1965ರಿಂದ ಜೆ.ಜೆ.ಎಂ. ಕಾಲೇಜು ಡಾಕ್ಟರುಗಳನ್ನು ತಯಾರಿಸುತ್ತಿದೆ. ವೈದ್ಯರು ಔಷಧ ಕಂಪನಿಯ ಖರ್ಚಿನಲ್ಲಿ ಪ್ರವಾಸ, ಆತಿಥ್ಯ ಪಡೆಯಬಾರದೆಂದು ಭಾರತೀಯ ವೈದ್ಯಕೀಯ ಮಂಡಳಿ 2009ರಲ್ಲೇ ನಿಯಮ ಮಾಡಿತು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಕಂಪನಿಗಳಿಗೂ ಸಂಹಿತೆ ಹೊರಡಿಸಿ, ಉಪನ್ಯಾಸ ನೀಡಲು ಬಂದವರನ್ನು ಬಿಟ್ಟು ಬೇರೆ ವೈದ್ಯರಿಗೆ ಪ್ರಯಾಣ, ರೆಸಾರ್ಟ್ ವಾಸ ಒದಗಿಸಬಾರದೆಂದು ಹೇಳಿತು. ಇಷ್ಟು ನಿಯಮ ಬೇಕಾಯಿತೆಂದರೆ ರೋಗ ಎಷ್ಟು ಹಬ್ಬಿತ್ತೆಂಬುದು ತಿಳಿಯುತ್ತದೆ. ಜೂಜಿನ ಚಟವನ್ನು ಕಾಯಿಲೆಯೆಂದು ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯಲ್ಲೇ ಸೇರಿಸಿದೆ. 2022ರಿಂದ ಜಾರಿಯಲ್ಲಿರುವ ಆ ಪಟ್ಟಿಯನ್ನು ಓದಿಯೇ ಪಾಸಾಗುವವರು ಜೂಜಿನ ಮನೆಯ ಆತಿಥ್ಯವನ್ನು ಯಾವ ಮುಖದಿಂದ ಒಪ್ಪಬೇಕು?

ಇನ್ನೂ ಒಂದು ಹಾನಿಯಿದೆ, ಇದನ್ನು ಯಾರೂ ಎಣಿಸುವುದಿಲ್ಲ. ಈ ಸಭೆಗಳಿಂದ ಹೆಂಗಸರು ತಾವಾಗಿಯೇ ಹೊರಗುಳಿಯುತ್ತಾರೆ. ಈಗ ಅಂಗಡಿ ನಡೆಸುವ ಹೆಣ್ಣುಮಕ್ಕಳಿದ್ದಾರೆ, ವಿಮೆ ಏಜೆಂಟರಿದ್ದಾರೆ, ಔಷಧ ಕಂಪನಿಯ ಪ್ರತಿನಿಧಿಗಳಿದ್ದಾರೆ. ನಡುರಾತ್ರಿಯವರೆಗೆ ಕುಡಿತ, ಜೂಜು ನಡೆಯುವ ಹಡಗಿನ ಮೇಲೆ ಅವರಲ್ಲಿ ಎಷ್ಟು ಮಂದಿ ಹೋಗಲು ಒಪ್ಪುತ್ತಾರೆ? ಹೋಗದವರಿಗೆ ಅಲ್ಲಿ ಕೈಗೂಡುವ ಸಂಪರ್ಕ ಇಲ್ಲ, ರಿಯಾಯಿತಿ ಇಲ್ಲ, ಮುಂದಿನ ವರ್ಷದ ಬಡ್ತಿಯ ಮಾತು ಬಂದಾಗ ಹೆಸರು ಹೇಳುವವರಿಲ್ಲ. ಕುಡಿಯದ, ಆಡದ ಗಂಡಸರದ್ದೂ ಇದೇ ಪಾಡು. ಇನ್ನು ತಿಂಗಳ ಸಂಬಳದ ಸೇಲ್ಸ್ ಹುಡುಗರು. ದೊಡ್ಡ ಡೀಲರುಗಳ ಜೊತೆ ಮೇಜಿಗೆ ಕೂತು, ಮರ್ಯಾದೆಗೆ ಅಂಜಿ, ಮೊಬೈಲಿನಲ್ಲೇ ಸಾಲ ಎತ್ತಿ ಆಡುತ್ತಾರೆ. ಆ ಸಾಲದ ಕಂತನ್ನು ಯಾವ ಕಂಪನಿ ಕಟ್ಟುತ್ತದೆ?

ಸಭೆ ಸೇರುವುದು ಹೇಗೆಂದು ಬೇರೆಯವರಿಂದ ಕಲಿಯಬೇಕಾದ ಊರಲ್ಲ ಇದು. ಹರಿಹರದ ಹರಿಹರೇಶ್ವರ ಗುಡಿಯನ್ನು ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿ ಎಂಟು ಶತಮಾನ ಕಳೆದಿವೆ. ಹರಿಯೂ ಹರನೂ ಒಂದೇ ಮೂರ್ತಿಯಲ್ಲಿ ನಿಂತ ಆ ಗುಡಿಯ ಕಂಬಗಳ ಮಂಟಪ ಜನ ಕೂಡಲೆಂದೇ ಇದೆ. 1922ರಲ್ಲಿ ಎಂ. ವೆಂಕಟಕೃಷ್ಣಯ್ಯನವರ ಅಧ್ಯಕ್ಷತೆಯಲ್ಲಿ, ಮತ್ತೆ 1992ರಲ್ಲಿ ಜಿ.ಎಸ್. ಶಿವರುದ್ರಪ್ಪನವರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆಸಿದ ಊರು ದಾವಣಗೆರೆ. ವ್ಯಾಪಾರದಲ್ಲಿ ಗಳಿಸಿದ್ದನ್ನು ರಾಜನಹಳ್ಳಿ ಹನುಮಂತಪ್ಪನವರು ಧರ್ಮಛತ್ರವಾಗಿ ಕಟ್ಟಿ ಹೋದರು. ಗಿರಣಿ ಕಾರ್ಮಿಕರು ಸಂಜೆ ಪಾಳಿ ಮುಗಿಸಿ ಸಭೆ ಸೇರಿದ್ದರಿಂದಲೇ ಅವರ ನಾಯಕ ಕಾಮ್ರೇಡ್ ಪಂಪಾಪತಿ ಮೂರು ಸಲ ಶಾಸಕರಾದರು. ಹತ್ತಿರದ ಸಿರಿಗೆರೆಯ ಸದ್ಧರ್ಮ ನ್ಯಾಯಪೀಠದಲ್ಲಿ ಇಂದಿಗೂ ಸೋಮವಾರ ಜನ ಕುಳಿತು ಹೊಲದ ಬದುವಿನ ಜಗಳ, ಅಣ್ಣತಮ್ಮಂದಿರ ವ್ಯಾಜ್ಯ ಬಗೆಹರಿಸಿಕೊಳ್ಳುತ್ತಾರೆ. ಕೊಂಡಜ್ಜಿಯ ಕೆರೆ, ಗುಡ್ಡದ ನಡುವೆ ಸ್ಕೌಟ್ಸ್ ಮತ್ತು ಗೈಡ್ಸ್ ಶಿಬಿರ ಕೇಂದ್ರವಿದೆ. ಬಾಪೂಜಿ ಸಭಾಂಗಣ, ರೇಣುಕ ಮಂದಿರ, ಕುವೆಂಪು ಕನ್ನಡ ಭವನ, ಎಂ.ಬಿ.ಎ. ಕಾಲೇಜು ಮೈದಾನ ಇವೆ. ಇಷ್ಟೆಲ್ಲ ಇರುವಾಗ ನೂರಿನ್ನೂರು ಜನ ಡೀಲರುಗಳಿಗೆ ಕೂರಲು ಜಾಗ ಇಲ್ಲಿ ಸಿಗುವುದಿಲ್ಲವೇ? ಇಲ್ಲೇ ನಡೆಸಿದರೆ ಊಟ ಬಡಿಸುವವರು, ಪೆಂಡಾಲು ಹಾಕುವವರು, ಆಟೊ ಓಡಿಸುವವರು, ಲಾಡ್ಜಿನವರು ನಾಲ್ಕು ಕಾಸು ಕಾಣುತ್ತಾರೆ. ರೈತನೂ ಬಂದು ಕೂತು, ಬೀಜ ಯಾಕೆ ಮೊಳೆಯಲಿಲ್ಲ ಎಂದು ಕಂಪನಿಯವನ ಮುಖ ನೋಡಿ ಕೇಳಬಹುದು. ಕಂಪನಿಗಳು ಊರಿಂದ ದೂರ ಹೋಗುವುದಕ್ಕೆ ಈ ಪ್ರಶ್ನೆಯ ಭಯವೂ ಒಂದು ಕಾರಣ ಎಂದೇ ನಾನು ನಂಬುತ್ತೇನೆ.

ರಾಜಕಾರಣಿಗಳು ಇದನ್ನು ಸರಿಪಡಿಸುತ್ತಾರೆಂದು ಕಾಯಬೇಡಿ. 2010ರ ಅಕ್ಟೋಬರಿನಲ್ಲಿ ಬಂಡೆದ್ದ ಶಾಸಕರು ಗೋವಾದ ರೆಸಾರ್ಟಿನಲ್ಲಿ ಕೂತದ್ದನ್ನು ರಾಜ್ಯವೇ ನೋಡಿತು. ಅಧ್ಯಕ್ಷರ ಆಯ್ಕೆ ಬಂತೆಂದರೆ ಪಂಚಾಯಿತಿ, ನಗರಸಭೆಯ ಸದಸ್ಯರನ್ನೂ ಬಸ್ಸಿನಲ್ಲಿ ತುಂಬಿ ಅದೇ ದಾರಿಗೆ ಕಳಿಸುವುದು ರೂಢಿಯಾಗಿದೆ. ಈ ಕೆಲಸ ವರ್ತಕರಿಂದಲೇ ಶುರುವಾಗಬೇಕು. ಅದಕ್ಕೆ ದೊಡ್ಡ ಹೋರಾಟ ಬೇಕಿಲ್ಲ. ದಾವಣಗೆರೆ, ಹರಿಹರದ ಬೀಜ, ಗೊಬ್ಬರ, ಔಷಧ, ಸಿಮೆಂಟು, ಕಿರಾಣಿ ವರ್ತಕರ ಪ್ರತಿಯೊಂದು ಸಂಘವೂ ತನ್ನ ಮುಂದಿನ ಮಹಾಸಭೆಯಲ್ಲಿ ಒಂದು ಠರಾವು ಮಾಡಲಿ: ಜೂಜು ನಡೆಯುವ ಜಾಗದಲ್ಲಿ ಕರೆಯುವ ಯಾವ ಸಭೆಗೂ ನಮ್ಮ ಸದಸ್ಯರು ಹೋಗುವುದಿಲ್ಲ, ಆ ಖರ್ಚನ್ನು ಸರಕಿನ ಬೆಲೆಯಲ್ಲಿ ಇಳಿಸಿ ಕೊಡಿ. ಭಾರತೀಯ ವೈದ್ಯಕೀಯ ಸಂಘದ ಇಲ್ಲಿನ ಶಾಖೆ ಇದೇ ಮಾತನ್ನು ಗಟ್ಟಿಯಾಗಿ ಹೇಳಲಿ. ಲೆಕ್ಕಪರಿಶೋಧಕರು ಇಂಥ ಖರ್ಚನ್ನು ‘ಸಮ್ಮೇಳನ’ ಎಂದು ಬರೆಯಲು ಒಪ್ಪದಿರಲಿ. ರೈತ ಸಂಘಟನೆಗಳು ಯಾವ ಕಂಪನಿ ಯಾರನ್ನು ಎಲ್ಲಿಗೆ ಕರೆದೊಯ್ದಿತೆಂದು ಅಂಗಡಿಯ ಮುಂದೆಯೇ ಕೇಳಲಿ. ರಾಜ್ಯದಲ್ಲಿ ಕ್ಯಾಸಿನೊ ತರುವ ಮಾತು ಇನ್ನೊಮ್ಮೆ ಎದ್ದರೆ ಮೊದಲ ‘ಬೇಡ’ ಈ ಜಿಲ್ಲೆಯಿಂದ ಹೋಗಲಿ.

ಅಂಗಡಿಯ ಮಾಲೀಕರೇ, ಮುಂದಿನ ಕರೆಯೋಲೆ ನಿಮ್ಮ ಮೊಬೈಲಿಗೆ ಬಂದೇ ಬರುತ್ತದೆ. ಒಬ್ಬರು ‘ಬರುವುದಿಲ್ಲ’ ಎಂದರೆ ಕಂಪನಿ ಅವರನ್ನು ಬಿಟ್ಟು ಹೋದೀತು. ಯಾರ್ಡಿನ ನೂರು ಜನ ಒಟ್ಟಿಗೆ ಹೇಳಿದರೆ ಕಂಪನಿ ದಾವಣಗೆರೆಗೆ ಬರಲೇಬೇಕು, ಯಾಕೆಂದರೆ ಮಾಲು ಮಾರಬೇಕಾದದ್ದು ಇಲ್ಲಿಯೇ. ಆ ನೂರು ಜನರಲ್ಲಿ ನೀವೂ ಒಬ್ಬರಾಗಿ.